ಬೀಡಿಯ ಗೃಹಸ್ಥರೊಬ್ಬರು

“ನನ್ನ ಹೆಸರು ಹಾಕಿಲ್ಲಂತ ಹೇಳಬ್ಯಾಡ್ರಿ ರಾಯರ! ಆ ವಾರ ಬೀಡಿ ಊರಿಂದ ಬೆಳಗಾವಿಗಿ ಬಂದಾಂವ ನಾ ಒಬ್ಬನ. ಊರಾಗ ಸಣ್ಣ ಕೂಸಿಗೂ ಗೊತ್ತೈತಿ!”

ಸತ್ಯಪ್ಪ ಪತ್ರಿಕೆಯನ್ನು ಸಂಪಾದಕ ಬಿಂದುಮಾಧವರಾಯರ ಮೇಜಿಗೆ ಬಡಿದ. ಮೂರು ವಾರದ ಗಡ್ಡ. ಊರ ಕ್ಷೌರಿಕ ಅವನ ಮುಖಕ್ಕೆ ಕತ್ತಿ ಮುಟ್ಟಿಸಲು ಒಲ್ಲೆನೆಂದಿದ್ದ. ಬಾವಿಗೆ ಹೋದ ಹೆಂಡತಿ ಗೌರವ್ವ ಖಾಲಿ ಕೊಡ ಹೊತ್ತು ಮರಳಿದ್ದಳು.

ಚಳವಳಿಯಲ್ಲಿ ಖಾನಾಪುರದ ಸರ್ಕಾರಿ ಕಟ್ಟಿಗೆ ಡಿಪೋ ಸುಟ್ಟ ಮೇಲೆ ಬೀಡಿಯ ನಾಲ್ಕು ಹುಡುಗರು ಜೇಲು ಸೇರಿದ್ದರು. ಆಗ ಬೆಳಗಾವಿ ಖಾಸಬಾಗದ ಈ ವಾರಪತ್ರಿಕೆಯಲ್ಲಿ ವರದಿಗಾರ ಚನ್ನಬಸಯ್ಯ ಖಾರವಾಗಿ ಬರೆದಿದ್ದ: ‘ಬೀಡಿಯ ಗೃಹಸ್ಥರೊಬ್ಬರು ಮೂರು ದಿನ ಮೊದಲೇ ಸುಳಿವು ಕೊಟ್ಟರೂ ಗುಪ್ತ ಪೊಲೀಸರು ಗೊರಕೆ ಹೊಡೆದರು.’ ಬೈದದ್ದು ಸರ್ಕಾರವನ್ನು. ಊರು ಓದಿದ್ದು ಸುಳಿವು ಕೊಟ್ಟವನನ್ನು.

“ನಾ ಬಂದಿದ್ದು ಮಗಳ ಬಾಣಂತನಕ್ಕ,” ಎಂದ ಸತ್ಯಪ್ಪ. “ಪೊಲೀಸರ ಮೋತಿ ಸುದ್ದಾ ನೋಡಿಲ್ಲ.”

ಪಕ್ಕದಲ್ಲೇ ಕುಳಿತಿದ್ದ ಚನ್ನಬಸಯ್ಯ ಸಂಪಾದಕರ ಕಡೆ ತಿರುಗಿದ. “ಬರೀಲಿಕ್ಕ ನನಗ ಕೊಟ್ಟ ಈ ಸುದ್ದಿ ನಿಮಗ ಯಾರು ಹೇಳಿದ್ರು?”

“ಸರ್ಕಾರಿ ಕಚೇರಿ ಕಾರಕೂನ ಕೃಷ್ಣಾಜಿ. ಬೀಡಿಯವನೊಬ್ಬನ್ನ ಕೋಟೆ ಬಾಜೂಕ ಪೊಲೀಸರ ಜೋಡಿ ಕಂಡಿದ್ದನಂತ.”

ಚನ್ನಬಸಯ್ಯನಿಗೆ ನೆನಪಾಯಿತು. ಡಿಪೋ ಸುಟ್ಟ ಮರುದಿನ ಚಹಾ ಕುಡಿಯುತ್ತ ಇದೇ ಕೃಷ್ಣಾಜಿಗೆ, “ಯಾರರೆ ಪೊಲೀಸರಿಗೆ ಮೊದಲ ಹೇಳಿರಬೇಕ ಬಿಡು” ಎಂದವನು ತಾನೇ. ತನ್ನ ಊಹೆಯೇ ಪೇಟೆ ಸುತ್ತಿ, ಸುದ್ದಿಯಾಗಿ, ತನ್ನ ಲೇಖನಿಗೇ ಬಂದಿತ್ತು.

ಹೇಳಿಯೇ ಬಿಟ್ಟ. “ಸುಳ್ಳು ನಂದೈತಿ, ರಾಯರ. ಹಂಗಂತ ಛಾಪಸ್ರಿ.”

“ಕಲೆಕ್ಟರ್ ನಗತಾನ! ನಾಳೆ ಖರೇ ಬರದ್ರೂ ಯಾರು ನಂಬ್ತಾರ?” ಎಂದು ರಾಯರು ತಾವೇ ಒಂದು ಸಾಲು ಗೀಚಿದರು: ‘ಸದರಿ ಸಂಗತಿ ಇನ್ನೂ ಖಚಿತವಾಗಬೇಕಾಗಿದೆ.’

ಸತ್ಯಪ್ಪ ಅಕ್ಷರ ಕೂಡಿಸಿ ಓದಿದ. “ಇನ್ನೂ. ಅಂದ್ರ ಇವತ್ತ ನಾ ಅರ್ಧಾ ಚಾಡಿಕೋರ, ಮುಂದಿನ ವಾರ ಪೂರಾ? ಅಯ್ಯನವರ, ನೀವ ಹೇಳ್ರಿ.”

ಚನ್ನಬಸಯ್ಯ ರಾಯರ ಮುಖ ನೋಡಿದ.

ಸತ್ಯಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದ.

ಆ ವಾರವೆಲ್ಲ ರಾಯರೊಂದಿಗೆ ಜಗಳಾಡಿ ಚನ್ನಬಸಯ್ಯ ‘ನಾನು ಬರೆದದ್ದು ಸುಳ್ಳು’ ಎಂದು ಮೊದಲ ಪುಟದಲ್ಲೇ ಹಾಕಿಸಿದ. ಪ್ರತಿ ಹಿಡಿದು ಖಾನಾಪುರಕ್ಕೆ ರೈಲು ಹತ್ತಿದ, ಅಲ್ಲಿಂದ ಬೀಡಿಗೆ ಚಕ್ಕಡಿ.

ಗೌರವ್ವ ಹೊಸ್ತಿಲು ದಾಟಿ ಬರಲಿಲ್ಲ, ಕಾಗದ ಮುಟ್ಟಲಿಲ್ಲ.

“ಯಾರಿಗಿ ತೋರಸ್ಲಿರಿ ಇದನ್ನ? ಅವತ್ತ ನಿಮ್ಮ ಕಡೆ ಬಂದವ್ರು ಮನೀಗಿ ತಿರುಗಿ ಬಂದಿಲ್ಲ.”