ಬಿರುಕಿಗೆ ಹಚ್ಚಿದ ಗಾಜು

ಪಕ್ಕದ ಜಾಗದಲ್ಲಿ ದೊಡ್ಡ ಕಟ್ಟಡಕ್ಕೆಂದು ಗುಂಡಿ ತೋಡತೊಡಗಿದ ಮೇಲೆ ನಮ್ಮ ಚರ್ಚಿನ ಹಿಂಗೋಡೆ ಬಿರುಕು ಬಿಟ್ಟಿತು. ನನ್ನ ಸೋದರಮಾವ ಗಾರೆ ಮೇಸ್ತ್ರಿ. ಬಿರುಕು ಮಲಗಿದೆಯೋ ಬೆಳೆಯುತ್ತಿದೆಯೋ ತಿಳಿಯಲು ಅವನಿಗೊಂದು ಉಪಾಯ ಗೊತ್ತಿತ್ತು. ಬೆರಳಗಲದ ತೆಳು ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡ ಇಟ್ಟು ಎರಡು ತುದಿಗೂ ಗಾರೆ ಮೆತ್ತುವುದು. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಗಾಜು ಒಡೆಯುತ್ತದೆ. ಅಂಥ ಮೂರು ಪಟ್ಟಿ ಹಚ್ಚಿದ್ದ. ಪ್ರತಿ ಶನಿವಾರ ಬಂದು ನೋಡುತ್ತಿದ್ದ. ಮೂರೂ ಇಡಿಯಾಗಿರುತ್ತಿದ್ದವು.

“ಗೋಡೆ ಗೊರಕೆ ಹೊಡೀತಿದೆ ಅಯ್ಯನೋರೇ, ನೀವೂ ನಿಶ್ಚಿಂತೆಯಾಗಿ ಮಲ್ಕೊಳ್ಳಿ” ಎಂದು ಪಾದ್ರಿಗಳಿಗೆ ಹೇಳಿ ಹೋಗುತ್ತಿದ್ದ.

ಚರ್ಚಿನ ಬೀಗದ ಕೈ ಅವನ ತಾಯಿಯ, ಅಂದರೆ ನನ್ನಜ್ಜಿಯ, ಸೊಂಟದಲ್ಲಿರುತ್ತಿತ್ತು. ಗುಡಿಸುವವಳು, ಬೆಂಚು ಒರೆಸುವವಳು ಅವಳೇ. ನನ್ನನ್ನು ಕಥೆ ಹೇಳಿ ಬೆಳೆಸಿದವಳೂ ಅವಳೇ. ಅವಳ ಕಥೆಯ ಒಂದು ಊರಿನಲ್ಲಿ ಜನ ದೇವರಿಗೆ ಹಾಡುವುದನ್ನು ಮರೆತರಂತೆ. ಮರೆತ ದಿನ ಆಕಾಶ ಒಂದು ಗೇಣು ಕೆಳಗಿಳಿಯಿತಂತೆ, ಮರುದಿನ ಇನ್ನೊಂದು ಗೇಣು. ಎತ್ತರದವರೆಲ್ಲ ಬಗ್ಗಿ ನಡೆಯತೊಡಗಿದರು. “ಆಮೇಲೆ?” ಎಂದರೆ, “ಆಮೇಲೇನು, ಎಲ್ಲರೂ ತೆವಳಿದ್ರು. ಕಣ್ಮುಚ್ಚು” ಎನ್ನುತ್ತಿದ್ದಳು. ಇಂಥ ಕಥೆ ಕೇಳಿ ಯಾರಿಗೆ ನಿದ್ದೆ ಬಂದೀತು!

ಆ ಭಾನುವಾರ ಆರಾಧನೆಗೆ ಅರ್ಧ ಗಂಟೆ ಮೊದಲೇ ನಾನು ಹೋದೆ. ಅಜ್ಜಿ ಸ್ಟೂಲು ಹತ್ತಿ ನಿಂತಿದ್ದಳು, ಕೈಯಲ್ಲಿ ಮಾವ ಗಾರೆ ಮೆತ್ತುವ ಹಳೆಯ ಕರಣೆ. ಬಿರುಕಿನ ಮೇಲೆ ಹೊಸ ಗಾಜು ಕೂರಿಸುತ್ತಿದ್ದಳು. ಒಡೆದ ಮೂರು ಪಟ್ಟಿಗಳು ಕಸದ ಬುಟ್ಟಿಯಲ್ಲಿದ್ದವು.

“ಅಜ್ಜೀ, ಏನ್ ಮಾಡ್ತಿದೀಯ?”

ಅವಳು ಬೆಚ್ಚಲಿಲ್ಲ. “ಬಾಗಿಲು ಹಾಕು.”

“ಎಷ್ಟು ದಿನದಿಂದ?”

“ಮೂರು ವಾರ. ನಿಮ್ಮ ತಾತನ ಫೋಟೋದ ಗಾಜು ಮುಗೀತು. ಇದು ಕಿಟಕೀದು.”

ಅವಳು ಬೆರಳು ತೆಗೆಯುತ್ತಿದ್ದಂತೆ ಟಿಕ್ ಎಂದು ಸಣ್ಣ ಸದ್ದಾಯಿತು. ಬೇಗ ಬಿಗಿಯುವ ಗಾರೆ ಆಗಷ್ಟೇ ಗಟ್ಟಿಯಾಗಿತ್ತು. ಹೊಸ ಗಾಜು ನಟ್ಟನಡುವೆ ಸೀಳಿಹೋಗಿತ್ತು.

ಆ ಗೋಡೆಯ ಬುಡದಲ್ಲೇ ಹಾಡುವವರ ಬೆಂಚು. ಅಲ್ಲಿ ಮಾವ ಕೂರುತ್ತಾನೆ, ಎದುರಿಗೆ ಮಕ್ಕಳು. ಹೊರಗೆ ಆಗಲೇ ಜನರ ಮಾತು ಕೇಳಿಸುತ್ತಿತ್ತು.

“ಮಾವನಿಗೆ ಹೇಳ್ತೀನಿ.”

ಅಜ್ಜಿ ನನ್ನ ಮಣಿಕಟ್ಟು ಹಿಡಿದಳು. “ಹೇಳಿದ್ರೆ ಚರ್ಚು ಮುಚ್ಚಿಸ್ತಾನೆ. ಅವನು ಮೂರು ವರ್ಷದ ಮಗು ಇದ್ದಾಗ ಜ್ವರ ತಲೆಗೇರಿತ್ತು. ಇದೇ ಗೋಡೆ ಮುಂದೆ ನಿಂತು ಮಾತು ಕೊಟ್ಟೆ, ಒಂದು ಭಾನುವಾರನೂ ಇಲ್ಲಿ ಹಾಡು ತಪ್ಪಿಸಲ್ಲ, ಇವನನ್ನ ಉಳಿಸು ಅಂತ. ನಾನು ತಪ್ಪಿಸಿದ್ರೆ ದೇವರು ಅವನನ್ನ ವಾಪಸ್ ಕೇಳ್ತಾನೆ ಕಣೇ.”

ಅವಳ ಕಣ್ಣು ನೋಡಿದರೆ ದೇವರು ಗೋಡೆಯ ಆಚೆ ನಿಂತು ಹೊಂಚು ಹಾಕುತ್ತಿದ್ದಾನೇನೋ ಅನ್ನಿಸುತ್ತಿತ್ತು. ಒಂದು ಕ್ಷಣ ನಾನೂ ನಂಬಿದೆ. ಆಮೇಲೆ ಕೈ ಬಿಡಿಸಿಕೊಂಡು ಓಡಿ, ಮಾವನಿಗೆ ಗಾಜಿನ ಸಂಗತಿಯನ್ನೂ ಹರಕೆಯನ್ನೂ ಹೇಳಿಬಿಟ್ಟೆ.

ಮಾವ ಬಂದವನೇ ಬಿರುಕಿಗೆ ಅಂಗೈ ಒತ್ತಿದ. “ಯಾರೂ ಒಳಗೆ ಬರಬೇಡಿ! ಮಕ್ಕಳನ್ನ ರಸ್ತೆ ಆಚೆಗೆ ಕರ್ಕೊಂಡು ಹೋಗಿ!” ಎಂದು ಬಾಗಿಲಲ್ಲಿ ಕೂಗಿದ.

ಅಜ್ಜಿ ಮಾತ್ರ ಮೊದಲ ಬೆಂಚಿನಲ್ಲಿ ಕೂತುಬಿಟ್ಟಳು. “ನೀನು ಹೋಗು. ನಾನೊಬ್ಬಳೇ ಹಾಡಿ ಮುಗಿಸ್ತೀನಿ.”

ಚಾವಣಿಯಿಂದ ಸುಣ್ಣದ ಪುಡಿ ಅವಳ ತಲೆಯ ಮೇಲೆ ಉದುರಿತು. ಮಾವ ಅವಳೆದುರು ಮಂಡಿಯೂರಿದ. ನಾನು ಬಾಗಿಲಲ್ಲೇ ನಿಂತಿದ್ದೆ.

“ಅಮ್ಮ, ನಾನೇನು ಎರವಲು ತಂದ ಕೊಡೆನಾ, ದೇವರು ವಾಪಸ್ ಕೇಳೋಕೆ?”

“ಬಾಯಿ ಮುಚ್ಚೋ. ಅವನು ಕೇಳಿಸ್ಕೋತಾನೆ.”

“ಕೇಳಿಸ್ಕೊಳ್ಳಲಿ. ಶಿಲುಬೆ ಮೇಲೆ ತನ್ನ ಪ್ರಾಣನೇ ಕೊಟ್ಟೋನು ನನ್ನ ಪ್ರಾಣಕ್ಕೆ ಹೊಂಚು ಹಾಕ್ತಾನಾ? ನಾನು ಹಾಡೋದು ಬದುಕಿ ಉಳಿದೆ ಅಂತ ಅಲ್ಲಮ್ಮ. ಜ್ವರದಲ್ಲಿ ಸತ್ತಿದ್ರೂ ಅವನು ದೇವರೇ, ಒಳ್ಳೆಯವನೇ. ಅದಕ್ಕೆ ಹಾಡ್ತೀನಿ.” ಗೋಡೆಯೊಳಗೆ ಏನೋ ಹಲ್ಲು ಕಡಿದಂತೆ ಕರಕರ ಎಂದಿತು. “ನೀನು ಏಳದಿದ್ರೆ ನಾನೂ ಏಳಲ್ಲ. ಆಗ ನನ್ನನ್ನ ಕೊಂದಿದ್ದು ಯಾರು, ನೀನೇ ಹೇಳು.”

ಅಜ್ಜಿ ಮಗನ ಮುಖವನ್ನೇ ದಿಟ್ಟಿಸಿದಳು. ಆಮೇಲೆ ಅವನ ಭುಜ ಹಿಡಿದು ಎದ್ದಳು.

ನಾವು ರಸ್ತೆ ದಾಟಿ ತಿರುಗಿ ನೋಡುವಷ್ಟರಲ್ಲಿ ಹಿಂಗೋಡೆಯ ಅರ್ಧಭಾಗ ಗುಂಡಿಯ ಕಡೆಗೆ, ಆಯಾಸಗೊಂಡವರು ಕೂರುವ ಹಾಗೆ, ನಿಧಾನವಾಗಿ ಕುಸಿಯಿತು. ಧೂಳು ನಮ್ಮನ್ನೆಲ್ಲ ನುಂಗಿತು. ಆ ಕತ್ತಲೆಯಲ್ಲಿ ಅಜ್ಜಿ ಮಾವನ ಎದೆ, ಕುತ್ತಿಗೆ, ಕೆನ್ನೆ ತಡವುತ್ತಿದ್ದಳು. ಅವನು ಕೆಮ್ಮಿದ. ಅವಳು ಕೈ ತೆಗೆಯಲಿಲ್ಲ.

ಯಾರೂ ಹಾಡು ಶುರುಮಾಡಲಿಲ್ಲ.

“ಈಗ ಏನಂತ ಹಾಡೋದು?” ಅಜ್ಜಿ ಕೇಳಿದಳು. “ಬೇಡಿಕೊಳ್ಳೋಕೆ ಏನೂ ಇಲ್ವಲ್ಲ.”

“ಹಾಗೇ ಹಾಡಮ್ಮ” ಎಂದ ಮಾವ.

ಅವಳು ಎರಡು ಸಲ ಶುರುಮಾಡಿ ನಿಲ್ಲಿಸಿದಳು. ಮೂರನೆಯ ಸಲ ಸ್ವರ ಹೊರಟಿತು. ಅಂಜುವ ಸ್ವರವೇ, ಆದರೆ ಈ ಸಲ ಅದರಲ್ಲಿ ಚೌಕಾಸಿ ಇರಲಿಲ್ಲ. ಒಬ್ಬೊಬ್ಬರಾಗಿ ನಾವೂ ಸೇರಿಕೊಂಡೆವು. ಉಳಿದರ್ಧ ಗೋಡೆ ಇನ್ನೂ ವಾಲುತ್ತಿತ್ತು. ರಸ್ತೆಯವರೆಗೂ ಚಾಚಿದ್ದ ಗುಂಡಿಯ ಅಂಚಿನಿಂದ ಡಾಂಬರಿನ ಮೇಲೆ ದಾರದಂಥ ಬಿರುಕೊಂದು ನಮ್ಮತ್ತ ಹರಿದು ಬರುತ್ತಿರುವುದನ್ನು ಮಾವ ಮೊದಲು ಕಂಡ. ಅವನು ಸದ್ದಿಲ್ಲದೆ ಕೈ ಎತ್ತಿ ತೋರಿಸಿದ. ಮಕ್ಕಳನ್ನು ಎತ್ತಿಕೊಂಡು, ಹಾಡು ನಿಲ್ಲಿಸದೆ, ನಾವು ಹಿಂದೆ ಹಿಂದೆ ಸರಿದೆವು.