ಮೊದಲ ಮಹಡಿಯ ಬಾಗಿಲು

"ಅಕ್ಕ, ಒಂದೇ ಒಂದು ಸಲ. ಎರಡು ನಿಮಿಷ ಸಾಕು."

ಕೇಳಿದವಳು ತುಂಬು ಬಸುರಿ. ಒಂದು ಕೈ ಸೊಂಟದ ಮೇಲೆ, ಇನ್ನೊಂದರಲ್ಲಿ ಹೆರಿಗೆ ಭತ್ಯೆಯ ಅರ್ಜಿ. ಬೆಳಿಗ್ಗೆ ಒಂಬತ್ತಕ್ಕೆ ನಗರಸಭೆಯ ಕೌಂಟರಿನ ಸಾಲಿನಲ್ಲಿ ನಿಂತವಳು, ಹನ್ನೆರಡೂವರೆಗೆ ತಡೆಯಲಾರದೆ ಮೊದಲ ಮಹಡಿಗೆ ಹತ್ತಿ ಬಂದಿದ್ದಳು. ಎದುರಿಗೆ ಒಂದು ದೊಡ್ಡ ಮರದ ಬಾಗಿಲು, ಅದರ ಮೇಲೆ ಹಿತ್ತಾಳೆಯ ಫಲಕ: 'ಶೌಚಾಲಯ. ಸದಸ್ಯರಿಗೆ ಮಾತ್ರ.' ಬಾಗಿಲಿನ ಮುಂದೆ ಬಕೆಟ್ಟು ಹಿಡಿದು ನಿಂತಿದ್ದವಳು ಬೀಗದಕ್ಕ.

ಹೆತ್ತವರು ಇಟ್ಟ ಹೆಸರು ಬೇರೆ. ಒಂಬತ್ತು ವರ್ಷದಿಂದ ಆ ಬಾಗಿಲಿನ ಬೀಗದ ಕೈ ದಾರದಲ್ಲಿ ಅವಳ ಸೊಂಟಕ್ಕೆ ನೇತುಬಿದ್ದಿದ್ದರಿಂದ ಕಚೇರಿಗೆಲ್ಲ ಅವಳು ಬೀಗದಕ್ಕ. ಒಳಗೆ ಎಡಕ್ಕೆ ಹೆಂಗಸರಿಗೆ ಎರಡು, ಬಲಕ್ಕೆ ಗಂಡಸರಿಗೆ ಎರಡು ಕೋಣೆ, ನಡುವೆ ಕನ್ನಡಿ, ಪರಿಮಳದ ಸೋಪು, ಬಿಳಿ ಟವೆಲು. ದಿನಕ್ಕೆ ಮೂರು ಸಲ ಅದನ್ನೆಲ್ಲ ತೊಳೆದು ಒರೆಸಿ ಇಡುವವಳು ಅವಳು. ಉಪಯೋಗಿಸುವ ಹಕ್ಕು ಮಾತ್ರ ಅವಳಿಗಿಲ್ಲ. ತನಗೆ ಬೇಕಾದಾಗ ಗೇಟು ದಾಟಿ ಬಸ್ ನಿಲ್ದಾಣದವರೆಗೆ ನಡೆಯಬೇಕು, ಹೋಗಿಬರಲು ಇಪ್ಪತ್ತು ನಿಮಿಷ. ಅದೂ ಮಧ್ಯಾಹ್ನ ಒಂದಕ್ಕೆ, ಊಟದ ಬಿಡುವಿನಲ್ಲಿ, ಒಂದು ಸಲ. ಅದಕ್ಕಾಗಿ ಬೆಳಗಿನಿಂದ ಒಂದು ಲೋಟ ನೀರೂ ಕುಡಿಯದೆ ಇರುವುದನ್ನು ಅವಳು ಕಲಿತಿದ್ದಳು.

ಹಿಂದೆ ಅಂಗಳದಲ್ಲಿ ಜನರಿಗೂ ಒಂದು ಶೌಚಾಲಯವಿತ್ತು. ಈಗಿನ ಅಧ್ಯಕ್ಷರು ಬಂದ ವರ್ಷವೇ ಅದನ್ನು ಕೆಡವಿ ತಮ್ಮ ಕಾರಿಗೆ ಚಪ್ಪರ ಹಾಕಿಸಿಕೊಂಡರು. ಕಾರಿಗೆ ಬಿಸಿಲು ತಾಗಬಾರದಲ್ಲ. ಜನ ಬಂದು ಕೇಳಿದಾಗ ಬಹಳ ನೊಂದವರಂತೆ ಮುಖ ಮಾಡಿ, ಇದು ಮಿತವ್ಯಯದ ಕಾಲ, ಎಲ್ಲರೂ ಸ್ವಲ್ಪ ತಡೆದುಕೊಳ್ಳಬೇಕು ಎಂದರು. ಅವರೇನೂ ತಡೆದುಕೊಳ್ಳಬೇಕಿರಲಿಲ್ಲ. ಮಿತವ್ಯಯ ಬಾಯಿಮಾತಲ್ಲ ಎಂದು ತೋರಿಸಲು ಅದೇ ಸಭೆಯಲ್ಲಿ ಒಂದು ಠರಾವನ್ನೂ ಮಾಡಿಸಿದರು: ಕಟ್ಟಡದ ದುರಸ್ತಿಗೆ ಒಂದು ಮೊಳೆ ಬೇಕಾದರೂ ಪೂರ್ಣ ಸಭೆಯ ಒಪ್ಪಿಗೆ ಬೇಕು. ಮರುದಿನ ಪತ್ರಿಕೆಯಲ್ಲಿ ಅವರ ಫೋಟೋ ಬಂತು.

"ಆಗಲ್ಲಮ್ಮ, ನನ್ನ ಕೆಲಸ ಹೋಗುತ್ತೆ," ಎಂದಳು ಬೀಗದಕ್ಕ. "ಬಸ್ ಸ್ಟ್ಯಾಂಡಿಗೆ ಹೋಗಿ ಬಾ."

"ಹೋದ್ರೆ ಸಾಲು ತಪ್ಪುತ್ತೆ ಅಕ್ಕ. ನಿನ್ನೇನೂ ಹಾಗೇ ಆಯ್ತು."

ಬೀಗದಕ್ಕ ಮುಖ ತಿರುಗಿಸಿ ನೆಲ ಒರೆಸತೊಡಗಿದಳು. ಬಸುರಿ ಗೋಡೆ ಹಿಡಿದುಕೊಂಡು ಇಳಿದುಹೋದಳು. ಐದು ನಿಮಿಷವಾಗಿರಬೇಕು, ಕೆಳಗಿನಿಂದ ಯಾರೋ ಕೂಗಿದರು, ಮೆಟ್ಟಿಲು ಒದ್ದೆಯಾಗಿದೆ, ಒರೆಸಲು ಬಾ ಎಂದು.

ಮೆಟ್ಟಿಲ ತಿರುವಿನಲ್ಲಿ ಆ ಬಸುರಿ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಬಟ್ಟೆ ಕಾಲಿಗೆ ಅಂಟಿಕೊಂಡಿತ್ತು. ಅರ್ಜಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಖಕ್ಕೆ ಮರೆ ಮಾಡಿಕೊಂಡಿದ್ದಳು. ಸಾಲಿನಲ್ಲಿದ್ದವರೆಲ್ಲ ಬೇರೆ ಕಡೆ ನೋಡುತ್ತಿದ್ದರು. ಬೀಗದಕ್ಕ ಮೊಣಕಾಲೂರಿ ಒರೆಸಿದಳು, ಬಟ್ಟೆ ಹಿಂಡಿ ಇನ್ನೊಮ್ಮೆ ಒರೆಸಿದಳು.

"ತಪ್ಪಾಯ್ತು ಅಕ್ಕ," ಎಂದಳು ಆ ಹುಡುಗಿ.

ಆ ಮಾತು ಬೀಗದಕ್ಕನ ಎದೆಗೆ ನಾಟಿತು. ತಪ್ಪು ಯಾರದು, ಕ್ಷಮೆ ಕೇಳಿದವರು ಯಾರು. ಸೊಂಟದಲ್ಲಿದ್ದ ಬೀಗದ ಕೈ ಅವತ್ತು ಇಡೀ ದಿನ ಅವಳನ್ನು ಚುಚ್ಚಿತು.

ಮರುದಿನ ಕೋಲೂರಿಕೊಂಡು ಬಂದ ಒಬ್ಬ ಮುದುಕಿಗೆ ಅವಳು ಬಾಗಿಲು ತೆರೆದುಬಿಟ್ಟಳು. ಮುದುಕಿ ಹೊರಗೆ ಬರುವುದಕ್ಕೂ ಹೆಡ್ ಕ್ಲರ್ಕ್ ಕೋಣೆಯಿಂದ ಹೊರಬೀಳುವುದಕ್ಕೂ ಸರಿಹೋಯಿತು.

"ಇನ್ನೊಂದು ಸಲ ಕಂಡ್ರೆ ವರ್ಷದ ಕೊನೆಗೆ ನಿನ್ನ ಕಾಗದಕ್ಕೆ ನಾನು ಸಹಿ ಹಾಕಲ್ಲ," ಎಂದರು. "ಇದೇನು ಛತ್ರ ಅಂದ್ಕೊಂಡಿದೀಯಾ?"

ಅವಳದು ವರ್ಷ ವರ್ಷಕ್ಕೂ ಹೊಸದಾಗಿ ಸಹಿಯಾಗಬೇಕಾದ ಕೆಲಸ. ಗಂಡ ತೀರಿಕೊಂಡು ಆರು ವರ್ಷ, ಮಗಳ ಓದು ಮುಗಿಯಲು ಇನ್ನೂ ಎರಡು ವರ್ಷ. ಬೀಗ ಹಾಕಿದಳು. ಮೆಟ್ಟಿಲ ಕೆಳಗಿನ ಬಡಗಿಯ ಕೋಣೆಗೆ ಹೋಗಿ, ಮರದ ಹೊಟ್ಟಿನ ಮೇಲೆ ಕೂತು, ಅವಳು ಅತ್ತುಬಿಟ್ಟಳು.

ಕಚೇರಿಯ ಬಡಗಿ ನಿವೃತ್ತಿಯ ಅಂಚಿನ ಮನುಷ್ಯ. ಮಾತು ಕಡಿಮೆ, ಕೇಳಿಸುವುದೂ ಕಡಿಮೆ, ತನಗೆ ಬೇಕಾದ್ದು ಮಾತ್ರ ಕೇಳಿಸುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಆತ ಅವಳ ಮಾತನ್ನೆಲ್ಲ ಕೇಳಿ, ಕಿವಿಯ ಮೇಲಿದ್ದ ಪೆನ್ಸಿಲು ತೆಗೆದು ತಲೆ ಕೆರೆದುಕೊಂಡ.

"ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ," ಎಂದ. "ನೀನು ಬೀಗ ತೆಗೆದ್ರೆ ನಿನ್ನ ಕೆಲಸ ಹೋಗುತ್ತೆ. ಬಾಗಿಲೇ ಇಲ್ಲದಿದ್ರೆ?"

"ಮೇಸ್ತ್ರಿ, ತಮಾಷೆ ಮಾಡ್ಬೇಡಿ."

"ತಮಾಷೆ ಯಾಕೆ ಮಾಡ್ಲಿ ತಾಯಿ. ಇಲ್ಲಿ ನೋಡು."

ಆತ ದುರಸ್ತಿ ಪುಸ್ತಕ ತೆರೆದು ಅವಳ ಮುಂದೆ ಹಿಡಿದ. ಅಧ್ಯಕ್ಷರ ಸ್ವಂತ ಕೈಬರಹ, ಕೆಳಗೆ ಉದ್ದನೆಯ ಸಹಿ: 'ಸದಸ್ಯರ ಶೌಚಾಲಯದ ಬಾಗಿಲು ನೆಲಕ್ಕೆ ಉಜ್ಜಿ ಕಿರುಗುಟ್ಟುತ್ತದೆ. ಕೂಡಲೇ ಬಿಚ್ಚಿ ಸರಿಪಡಿಸುವುದು.' ಬರೆದು ಮೂರು ತಿಂಗಳಾಗಿತ್ತು.

"ದೊಡ್ಡವರ ಮಾತು," ಎಂದ ಬಡಗಿ. "ಕಿವಿ ಮಂದ ನೋಡು, ಈಗ ಕೇಳಿಸ್ತು."

ಮರುದಿನ ಹತ್ತು ಗಂಟೆಗೆ, ಎಲ್ಲರ ಕಣ್ಣೆದುರೇ, ಆತ ಕೀಲುಗಳ ಸ್ಕ್ರೂ ಒಂದೊಂದನ್ನೇ ಬಿಚ್ಚಿ ಬಾಗಿಲನ್ನು ಕಳಚಿ ಗೋಡೆಗೆ ಒರಗಿಸಿದ. ಹೆಡ್ ಕ್ಲರ್ಕ್ ಓಡಿಬಂದರು. ಬಡಗಿ ದುರಸ್ತಿ ಪುಸ್ತಕ ತೋರಿಸಿ, ಬಾಗಿಲಿನ ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿದ. ಅದು ಹಿಡಿಯವರೆಗೂ ಒಳಗೆ ಹೋಯಿತು. ಒಂಬತ್ತು ವರ್ಷ ದಿನಕ್ಕೆ ಮೂರು ಸಲ ತೊಳೆದ ನೀರೆಲ್ಲ ಆ ಮರ ಕುಡಿದಿತ್ತು.

"ಪೂರ್ತಿ ಕೊಳೆತಿದೆ ಸಾರ್. ಹೊಸದೇ ಆಗ್ಬೇಕು."

"ಹಾಗಾದ್ರೆ ಮಾಡಯ್ಯ ಹೊಸದು."

"ಮರ ತರಬೇಕಲ್ಲ ಸಾರ್. ಮೊಳೆಗೇ ಪೂರ್ಣ ಸಭೆ ಒಪ್ಪಬೇಕು ಅಂತ ಠರಾವಿದೆ. ಬಾಗಿಲು ಮೊಳೆಗಿಂತ ದೊಡ್ಡದು."

ಪೂರ್ಣ ಸಭೆ ಮೂರು ತಿಂಗಳಿಗೊಮ್ಮೆ. ಹಿಂದಿನದು ಹೋದ ವಾರವಷ್ಟೇ ಮುಗಿದಿತ್ತು. ಹೆಡ್ ಕ್ಲರ್ಕ್ ಹಲ್ಲು ಕಚ್ಚಿ, "ಅಲ್ಲಿವರೆಗೆ ಇದನ್ನೇ ಹಾಕು," ಎಂದರು.

"ಹಾಕ್ತೀನಿ ಸಾರ್. ನಾಳೆ ಕಳಚಿ ಅಧ್ಯಕ್ಷರ ಕಾಲ ಮೇಲೆ ಬಿದ್ರೆ ಜವಾಬ್ದಾರಿ ನಿಮ್ಮದು ಅಂತ ಇಲ್ಲೊಂದು ಸಹಿ ಹಾಕಿ ಕೊಡಿ."

ಹೆಡ್ ಕ್ಲರ್ಕ್ ಪೆನ್ನಿಗಾಗಿ ಜೇಬು ತಡಕಿದರು. ಪೆನ್ನು ಎದುರಿಗೇ ಕಾಣುತ್ತಿದ್ದರೂ ಅವರ ಕೈಗೆ ಸಿಗಲಿಲ್ಲ.

ಮೊದಲ ದಿನ ಇಬ್ಬರು ಬಂದರು, ಕಳ್ಳಹೆಜ್ಜೆ ಇಟ್ಟುಕೊಂಡು. ಎರಡನೆಯ ದಿನ ಹತ್ತು ಜನ. ವಾರ ಕಳೆಯುವುದರಲ್ಲಿ ಮೊದಲ ಮಹಡಿಯಲ್ಲಿ ಎರಡು ಸಾಲು ತಾವಾಗಿ ಹುಟ್ಟಿಕೊಂಡವು, ಎಡಕ್ಕೆ ಹೆಂಗಸರದು, ಬಲಕ್ಕೆ ಗಂಡಸರದು. ಒಳಗಿನ ಕೋಣೆಗಳಿಗೆ ಗಟ್ಟಿ ಚಿಲಕಗಳಿದ್ದವು, ಹೊರಬಾಗಿಲು ಇಲ್ಲವೆಂದು ಯಾರೂ ಕೊರಗಲಿಲ್ಲ. ಒಂದು ದಿನ ಅಧ್ಯಕ್ಷರೇ ಅವಸರದಿಂದ ಬಂದರು. ಮುಂದೆ ಏಳು ಜನ. ಏಳನೆಯವನು ತಿರುಗಿ, "ನಮಸ್ಕಾರ ಸಾರ್, ನನ್ನ ಹಿಂದೆ ನೀವೇ," ಎಂದ. ಅಧ್ಯಕ್ಷರು ಒಂದು ಕ್ಷಣ ನಿಂತು, ಏನೋ ನೆನಪಾದವರಂತೆ ಕಾರಿನ ಕಡೆ ನಡೆದರು. ಬಡಗಿ ಆ ದಿನ ಯಾರಿಗೂ ಹೇಳದೆ ಒಂದು ಚಹಾ ಹೆಚ್ಚಿಗೆ ಕುಡಿದ.

ಬೀಗದಕ್ಕನ ಕೆಲಸ ಎರಡು ಪಟ್ಟಾಯಿತು. ಮೂರು ಸಲದ ಬದಲು ಆರು ಸಲ ತೊಳೆದಳು, ಗೊಣಗಲಿಲ್ಲ. ಆದರೆ ತಾನು ಮಾತ್ರ ಒಂದು ಗಂಟೆಗೆ ಬಸ್ ನಿಲ್ದಾಣಕ್ಕೇ ನಡೆಯುತ್ತಿದ್ದಳು. ಹೊಸ ಬಾಗಿಲು ಬಂದ ದಿನ ಹಳೆಯ ಕಥೆಯೇ ಶುರುವಾಗುತ್ತದೆ, ಸುಮ್ಮನೆ ರುಚಿ ಹತ್ತಿಸಿಕೊಂಡು ಆಮೇಲೆ ಅಳುವುದು ಯಾಕೆ ಎಂಬುದು ಅವಳ ಲೆಕ್ಕಾಚಾರ. ಬೀಗದ ಕೈಯನ್ನೂ ಸೊಂಟದಿಂದ ಬಿಚ್ಚಿರಲಿಲ್ಲ.

ಸಭೆಗೆ ಮೂರು ದಿನ ಮುಂಚೆ ವಿಷಯಪಟ್ಟಿಯನ್ನು ಗೋಡೆಗೆ ಅಂಟಿಸುವುದು ನಿಯಮ. ಅಂಟು ಹಚ್ಚುವವಳು ಬೀಗದಕ್ಕನೇ. ಯಾವಾಗಲೂ ಅದನ್ನು ಮೆಟ್ಟಿಲ ಹಿಂದಿನ ಕತ್ತಲೆ ಗೋಡೆಯ ಮೇಲೆ, ಇಲಿಗಳು ಓದುವ ಜಾಗದಲ್ಲಿ ಅಂಟಿಸುತ್ತಿದ್ದಳು. ಈ ಸಲ ಹಾಳೆಯನ್ನು ಅವಳು ನಿಂತಲ್ಲೇ ಓದಿದಳು. ಹದಿನಾಲ್ಕನೆಯ ವಿಷಯ: ಸದಸ್ಯರ ಶೌಚಾಲಯಕ್ಕೆ ಹೊಸ ಬಾಗಿಲು ಮತ್ತು ಬೀಗ. ನಿಯಮದಲ್ಲಿ ಗೋಡೆ ಎಂದು ಬರೆದಿತ್ತೇ ಹೊರತು ಯಾವ ಗೋಡೆ ಎಂದು ಎಲ್ಲೂ ಬರೆದಿರಲಿಲ್ಲ. ಹಾಳೆಯನ್ನು ಕೌಂಟರಿನ ಪಕ್ಕ, ಗಂಟೆಗಟ್ಟಲೆ ನಿಲ್ಲುವವರ ಕಣ್ಣಿನ ಎತ್ತರಕ್ಕೆ ಅಂಟಿಸಿ, ನಾಲ್ಕೂ ಮೂಲೆಗಳನ್ನು ಅಂಗೈಯಿಂದ ಚೆನ್ನಾಗಿ ಒತ್ತಿದಳು.

ಸಭೆಯ ದಿನ ಸಾರ್ವಜನಿಕರ ಬೆಂಚುಗಳಲ್ಲಿ ಜಾಗವೇ ಇರಲಿಲ್ಲ. ಬಂದವರಲ್ಲಿ ಮುಕ್ಕಾಲು ಪಾಲು ಹೆಂಗಸರು. ಕೋಲಿನ ಮುದುಕಿ ಮುಂದಿನ ಸಾಲಿನಲ್ಲೇ ಇದ್ದಳು. ಅವಳ ಪಕ್ಕದಲ್ಲಿ, ಎಳೆಗೂಸನ್ನು ಎದೆಗವಚಿಕೊಂಡು, ಮೆಟ್ಟಿಲ ತಿರುವಿನ ಆ ಹುಡುಗಿ. ಬೀಗದಕ್ಕ ಹಿಂದಿನ ಬಾಗಿಲ ಬಳಿ ಪೊರಕೆ ಹಿಡಿದು ನಿಂತಳು.

ಹೆಡ್ ಕ್ಲರ್ಕ್ ಹದಿನಾಲ್ಕನೆಯ ವಿಷಯವನ್ನು ಮೂಗಿನಲ್ಲೇ ಓದಿ ಮುಗಿಸಲು ನೋಡಿದರು. "ಸ್ವಲ್ಪ ಗಟ್ಟಿಯಾಗಿ," ಎಂದರು ಒಬ್ಬ ವಯಸ್ಸಾದ ಸದಸ್ಯೆ. ಹೆಡ್ ಕ್ಲರ್ಕ್ ಇನ್ನೊಮ್ಮೆ ಓದಬೇಕಾಯಿತು.

ಸಾರ್ವಜನಿಕರು ಮಾತಾಡಬಾರದೆಂದು ಗೋಡೆಯ ಮೇಲೆ ಬರೆದಿತ್ತು. ಅವರು ಮಾತಾಡಲಿಲ್ಲ. ಮುದುಕಿ ಕೋಲೂರಿ ಎದ್ದು ನಿಂತಳು. ಬಾಣಂತಿ ಎದ್ದಳು. ಆಮೇಲೆ ಬೆಂಚು ಬೆಂಚೇ ಎದ್ದಿತು. ಅಷ್ಟೂ ಜನ ಸುಮ್ಮನೆ ನಿಂತು ಸದಸ್ಯರ ಮುಖ ನೋಡಿದರು.

"ಯಾರು ಅನುಮೋದಿಸ್ತೀರಿ?" ಎಂದರು ಅಧ್ಯಕ್ಷರು.

ಚುನಾವಣೆಗೆ ನಾಲ್ಕು ತಿಂಗಳಿತ್ತು. ಒಬ್ಬ ಸದಸ್ಯ ಫ್ಯಾನು ನೋಡಿದ, ಇನ್ನೊಬ್ಬನ ಫೋನು ಬಡಿದುಕೊಳ್ಳದೆಯೇ ಕಿವಿಗೆ ಹೋಯಿತು. ಅಧ್ಯಕ್ಷರ ಬಲಗೈಯಂತಿದ್ದವನಿಗೆ ಆಗಲೇ ಕೆಮ್ಮು ಬಂತು. ವಯಸ್ಸಾದ ಸದಸ್ಯೆ ಕನ್ನಡಕ ತೆಗೆದು ಒರೆಸುತ್ತ ಹೇಳಿದರು: "ಅಧ್ಯಕ್ಷರೇ, ಮೊಳೆ ತರೋಕೂ ಯೋಚನೆ ಮಾಡ್ಬೇಕು ಅಂದೋರು ನೀವೇ. ಇದ್ದ ಬಾಗಿಲು ಹೋಗಿ ಮೂರು ತಿಂಗಳಾಯ್ತು, ಆಕಾಶವೇನೂ ತಲೆ ಮೇಲೆ ಬೀಳಲಿಲ್ಲ. ಬಾಗಿಲು ಯಾಕೆ?"

ಯಾರೋ ನಕ್ಕರು. ಆ ನಗು ಸದಸ್ಯರ ಕುರ್ಚಿಗಳ ಕಡೆಯಿಂದಲೇ ಬಂದಿತ್ತು. ಅಧ್ಯಕ್ಷರು ಬಿಸಿತುಪ್ಪ ಬಾಯಿಗೆ ಹಾಕಿಕೊಂಡವರಂತೆ ಕೂತಿದ್ದು, ಕೊನೆಗೆ, "ವಿಷಯ ಕೈಬಿಡಲಾಗಿದೆ," ಎಂದರು. ಹೆಡ್ ಕ್ಲರ್ಕ್ ಅದನ್ನು ಬರೆದುಕೊಂಡರು. ಈ ಸಲ ಪೆನ್ನು ಸಿಕ್ಕಿತು.

ಬೀಗದಕ್ಕನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೆಟ್ಟಿಲ ಕೆಳಗೆ ಓಡಿ ಹೋಗಿ ಸುದ್ದಿ ಹೇಳಿದಳು. ಬಡಗಿ, "ಏನು? ಕೇಳಿಸ್ಲಿಲ್ಲ," ಎಂದ. ಅವಳು ಮತ್ತೆ ಹೇಳಿದಳು. ಆತ ಮೂರನೆಯ ಸಲವೂ ಹೇಳಿಸಿಕೊಂಡ. ಅಲ್ಲೇ ಇದ್ದ ಹೂಜಿಯಿಂದ ಅವಳು ಎರಡು ಲೋಟ ನೀರು ಗಟಗಟನೆ ಕುಡಿದಳು.

ಗಡಿಯಾರ ಒಂದು ಹೊಡೆಯಿತು. ಒಂಬತ್ತು ವರ್ಷದ ಕಾಲುಗಳು ಅವಳನ್ನು ಅಂಗಳ ದಾಟಿಸಿ ಗೇಟಿನವರೆಗೆ ಒಯ್ದವು. ಒಂದು ಕಾಲು ರಸ್ತೆಗೆ ಇಟ್ಟ ಮೇಲೆ ನೆನಪಾಯಿತು. ತನ್ನಷ್ಟಕ್ಕೆ ನಕ್ಕು, ತಿರುಗಿ ಬಂದು, ಮೆಟ್ಟಿಲು ಹತ್ತಿ, ಎಡಗಡೆಯ ಸಾಲಿನ ಕೊನೆಯಲ್ಲಿ ನಿಂತಳು. ಅವಳ ಮುಂದೆ ನಾಲ್ವರು.

"ನೀವು ಮೊದಲು ಹೋಗಿ ಅಕ್ಕ," ಎಂದಳು ಒಬ್ಬಳು.

"ಬೇಡ. ನಾನೂ ಸಾಲಲ್ಲೇ ಬರ್ತೀನಿ."

ಮುಂದಿದ್ದ ಬಾಣಂತಿ ತಿರುಗಿ ನೋಡಿದಳು. "ನನ್ನ ಸರದಿ ಬಂತು. ಒಂದ್ನಿಮಿಷ ಇವಳನ್ನ ಹಿಡ್ಕೋತೀರಾ ಅಕ್ಕ?"

ಮಗು ನಿದ್ದೆಯಲ್ಲಿತ್ತು, ಬೆಚ್ಚಗಿತ್ತು. ಸೊಂಟದ ಬೀಗದ ಕೈ ಅದರ ಕಾಲಿಗೆ ಒತ್ತುತ್ತಿತ್ತು. ಬೀಗದಕ್ಕ ಒಂದೇ ಕೈಯಲ್ಲಿ ದಾರ ಬಿಚ್ಚಿ, ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ಮಗುವನ್ನೆತ್ತಿಕೊಂಡು ಅವಳೂ ಸರಿದಳು.