ಔರಾದಕ್ಕ ಹೇಳೀರೇನ್ರಿ

ಮಾತು ಬಿಟ್ಟವರ ನಡುವೆಯೂ ಸುದ್ದಿ ಹೋಗಿ ಬರಲು ಒಂದು ದಾರಿ ಬೇಕಲ್ಲ. ಬೀದರಿನ ಶಿವರಾಜಪ್ಪನಿಗೂ ಔರಾದದಲ್ಲಿದ್ದ ಅವನ ಅಕ್ಕ ಲಲಿತಾಬಾಯಿಗೂ ಆ ದಾರಿ ರೇಡಿಯೋ ಆಗಿತ್ತು. ನಗರದ ಒಂದು ಸಣ್ಣ ರೇಡಿಯೋ ಕೇಂದ್ರದಲ್ಲಿ ದಿನಾ ಬೆಳಿಗ್ಗೆ ವಚನ ಓದಿ, ಅದರ ಹಿಂದೆಯೇ ಸುತ್ತಲಿನ ಊರುಗಳಲ್ಲಿ ಲಿಂಗೈಕ್ಯರಾದವರ ಹೆಸರು, ಮಣ್ಣು ಮಾಡುವುದು ಎಲ್ಲಿ, ಎಷ್ಟೊತ್ತಿಗೆ ಎಂದು ಓದುವುದು ಅವನ ಕೆಲಸ. ಭಾಲ್ಕಿ, ಔರಾದ ಕಡೆಯ ಮನೆಗಳಲ್ಲಿ ಲಿಂಗ ಅಂಗೈಗೆ ತೆಗೆದುಕೊಂಡು ಪೂಜೆಗೆ ಕೂತವರು ಅವನ ದನಿ ಮುಗಿಯುವವರೆಗೆ ಏಳುತ್ತಿರಲಿಲ್ಲ. ಇವತ್ತು ಯಾರ ಮನೆಯ ಮಣ್ಣಿಗೆ ಹೋಗಬೇಕು ಎಂದು ತಿಳಿದ ಮೇಲೇ ಅವರಿಗೆ ಚಹಾ ಇಳಿಯುತ್ತಿತ್ತು.

ಅಕ್ಕ ತಮ್ಮನ ಜಗಳ ಅವ್ವನ ಸಲುವಾಗಿ. ಅಪ್ಪ ತೀರಿದ ಮೇಲೆ ಅಕ್ಕ ಬಂದು, ಅವ್ವನನ್ನು ನಾನು ಒಯ್ಯುತ್ತೇನೆ, ನಿನ್ನ ಹೆಂಡತಿಗೆ ಅವಳನ್ನು ನೋಡಿಕೊಳ್ಳುವುದು ನೀಗದು ಎಂದಿದ್ದಳು. ಮಗ ಇರುವಾಗ ತಾಯಿ ಮಗಳ ಮನೆಯಲ್ಲಿ ಉಂಡರೆ ನನ್ನ ಮುಖಕ್ಕೆ ಮಸಿ ಎಂದು ಇವನು. ಮಾತಿಗೆ ಮಾತು ಬೆಳೆದು ಅಕ್ಕ ಹೊಸ್ತಿಲು ದಾಟಿದಳು, ಮತ್ತೆ ಬರಲಿಲ್ಲ. ಅವ್ವನಿಗೆ ಕಿವಿ ಮಂದ, ಫೋನು ನಡೆಯದು. ನೆಂಟರ ಮದುವೆಗಳಲ್ಲಿ ತಾಯಿ ಮಗಳು ಒಂದು ಮೂಲೆ ಹಿಡಿದು ಕೂತು ಅತ್ತು ಎದ್ದು ಬರುತ್ತಿದ್ದರು.

ಆದರೂ ಕಾಕಾ ಸತ್ತಾಗ, ಸೋದರಮಾವ ಸತ್ತಾಗ, ಇವನು ರೇಡಿಯೋದಲ್ಲಿ ಓದಿದ್ದೇ ತಡ, ಅಕ್ಕ ಸಿಕ್ಕ ಬಸ್ಸು ಹತ್ತಿ ಬಂದು ಮಣ್ಣು ಹಾಕಿ, ಇವನ ಮುಖ ನೋಡದೆ ಹೋಗಿದ್ದಳು. ಇವನು ಕರೆದಂತಾಗಲಿಲ್ಲ, ಅವಳು ಕರೆಸಿಕೊಂಡಂತಾಗಲಿಲ್ಲ. ಇಬ್ಬರ ಹಟವೂ ಉಳಿಯುತ್ತಿತ್ತು, ಕೆಲಸವೂ ನಡೆಯುತ್ತಿತ್ತು.

ಇಂಥದರಲ್ಲಿ ಕೇಂದ್ರದ ಹಳೆಯ ಟ್ರಾನ್ಸ್‌ಮಿಟರಿಗೆ ಮುಪ್ಪು ಬಂತು. ಡಿಜಿಟಲ್ ಮಾಡೋಣ, ದನಿ ಗಾಜಿನ ಹಾಗೆ ಸ್ವಚ್ಛ ಎಂದು ಇಂಜಿನಿಯರ್ ಜುಲ್ಫೀಕಾರ ಹೇಳಿದ. ಅದಕ್ಕೆ ಹೊಸ ಸೆಟ್ಟು ಯಾರು ತರುತ್ತಾರೆ, ಎಲ್ಲರ ಕೈಯಲ್ಲೂ ಮೊಬೈಲಿದೆ, ಇಂಟರ್ನೆಟ್ಟಿಗೆ ಹಾಕೋಣ ಎಂದು ಹಾಡಿನ ಕಾರ್ಯಕ್ರಮದ ಶೈಲಶ್ರೀ ವಾದಿಸಿದಳು. ಕೊನೆಗೆ ಎರಡೂ ಬಂದವು, ಹಳೆಯದು ಹೋಯಿತು. ಅದೂ ಇರಲಿ ಎನ್ನುವವರು ಒಬ್ಬರೂ ಇರಲಿಲ್ಲ. ಶಿವರಾಜಪ್ಪನಂತೂ ಎದ್ದು ನಿಂತು, ಕಾಲಕ್ಕೆ ತಕ್ಕಂತೆ ಕೋಲ ಎಂದು ಭಾಷಣ ಬಿಗಿದಿದ್ದ.

ಬದಲಾವಣೆಯ ಪ್ರಕಟಣೆ ಹಾಡಿನ ಹೊತ್ತಿನಲ್ಲಿ ಬಂದೇ ಬಂತು. ಬೆಳಗಿನ ಹೊತ್ತಿನಲ್ಲಿ ಮಾತ್ರ ಬರಲಿಲ್ಲ. ವಚನಕ್ಕೂ ಸಾವಿಗೂ ನಡುವೆ ಬೇರೆ ಏನನ್ನೂ ತುರುಕಬಾರದು ಎಂಬ ಕಟ್ಟಳೆ ಅವನದೇ. ಹಳೆಯ ಸೆಟ್ಟುಗಳೆಲ್ಲ ಮೂಕಾಗುತ್ತವೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಕ್ಕನ ಸೆಟ್ಟೂ ಅವುಗಳಲ್ಲಿ ಒಂದು ಎಂಬುದು ಈ ಶಾಣ್ಯಾನ ತಲೆಗೆ ಹೊಳೆಯಲಿಲ್ಲ. ಮೈಕಿನ ಮುಂದೆ ಕೂತರೆ ಅಕ್ಕ ಕೇಳುತ್ತಿದ್ದಾಳೆ ಎಂಬುದು ಅವನಿಗೆ ಅಷ್ಟು ರೂಢಿಯಾಗಿ ಹೋಗಿತ್ತು.

ಕೆಲವು ವಾರ ಕಳೆದು ಅವ್ವ ಹೋದಳು, ನಸುಕಿನಲ್ಲಿ, ನಿದ್ದೆಯಲ್ಲೇ. ಹೆಂಡತಿ ಬೇಡವೆಂದರೂ ಶಿವರಾಜಪ್ಪ ಕೇಂದ್ರಕ್ಕೆ ಹೋಗಿ ವಚನ ಓದಿದ. ಅದರ ಹಿಂದೆ ಹೆತ್ತವ್ವನ ಹೆಸರು ಓದಿ, ಮಣ್ಣು ಹಲಬರ್ಗಾದ ನಮ್ಮ ಹೊಲದಲ್ಲಿ, ಇಳಿಹೊತ್ತಿಗೆ ಎಂದ. ಮನೆಗೆ ಬಂದಾಗ ನೆಂಟರು, "ಔರಾದಕ್ಕ ಹೇಳೀರೇನ್ರಿ?" ಎಂದು ಕೇಳಿದರು.

"ಹೇಳೀನ್ರಿ," ಎಂದ. ಮತ್ತೆ ಯಾರೂ ಕೇಳಲಿಲ್ಲ.

ಹೊಲದಲ್ಲಿ ಕುಣಿ ತೋಡಿ ಅವ್ವನನ್ನು ಕೂರಿಸಿದರು. ಇನ್ನೊಂದಿಷ್ಟು ತಡೆಯಿರಿ ಎಂದು ಅಯ್ಯನವರಿಗೆ ಕೈಮುಗಿದು ಶಿವರಾಜಪ್ಪ ರಸ್ತೆಯ ಕಡೆ ನೋಡುತ್ತ ನಿಂತ. ಬಸ್ಸು ಬಂತು, ಯಾರನ್ನೂ ಇಳಿಸದೆ ಹೋಯಿತು. ಹೊತ್ತು ಮುಳುಗುವುದರೊಳಗೆ ವಿಭೂತಿ, ಪತ್ರಿ ಹಾಕಿ ಮಣ್ಣು ಎಳೆಯಲೇಬೇಕಾಯಿತು. ನನ್ನ ಮೇಲಿನ ಸಿಟ್ಟನ್ನು ಅವ್ವನ ಹೆಣದ ಮೇಲೆ ತೀರಿಸಿಕೊಂಡಳಲ್ಲ ಎಂದು ಅವನು ಹಲ್ಲು ಕಡಿದ. ಆ ಸಿಟ್ಟಿಗೆ ಅವನಿಗೆ ಅಳು ಕೂಡ ಬರಲಿಲ್ಲ.

ಶಿವಗಣಾರಾಧನೆ ಮುಗಿದ ಮರುದಿನ, ಮುಖದ ಮೇಲೆ ಕೇಳಿಯೇ ಬರುತ್ತೇನೆಂದು ಔರಾದದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಬೈಗುಳ ಹೊಂದಿಸಿಕೊಂಡ.

ಪಡಸಾಲೆಯಲ್ಲಿ ಕೂತಿದ್ದ ಅಕ್ಕ ತಮ್ಮನನ್ನು ಕಂಡವಳೇ ಎದ್ದು ಬಂದು, ಅವನ ಕೆನ್ನೆ, ತೋಳು ಸವರಿ ಸವರಿ ನೋಡಿದಳು.

"ಜೀವಂತ ಇದ್ದಿ ಅಲ್ಲೋ ತಮ್ಮಾ," ಎಂದಳು. "ತಿಂಗಳ ಮ್ಯಾಲಾತು, ನಿನ್ನ ದನಿನೇ ಇಲ್ಲ. ದಿನಾ ಮುಂಜಾನಿ ಹಚ್ತೇನಿ, ಬರೇ ಸುಯ್ ಅಂತದ. ನಿನಗೇ ಏನರೆ ಆಗ್ಯದ, ನನಗ ಯಾರೂ ಹೇಳವಲ್ರು ಅಂತ ಅನ್ನ ಸೇರಿಲ್ಲ ನೋಡು."

ಎರಡು ಸಲ ಹೊಸ ಶೆಲ್ಲು ಹಾಕಿ ನೋಡಿದ್ದಳಂತೆ. ಯಾರನ್ನಾದರೂ ಕೇಳೋಣವೆಂದರೆ ಹಟ ಅಡ್ಡ ಬಂದಿತ್ತು, ಅವಳೂ ಅದೇ ತಾಯಿಯ ಮಗಳು. ಶಿವರಾಜಪ್ಪ ಗೂಡಿನಲ್ಲಿದ್ದ ಆ ಹಳೆಯ ಸೆಟ್ಟನ್ನು ನೋಡಿದ. ಹೊಂದಿಸಿಕೊಂಡು ಬಂದಿದ್ದ ಬೈಗುಳವೆಲ್ಲ ತನಗೇ ತಿರುಗಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಕ್ಕ ಕಣ್ಣೊರೆಸಿಕೊಂಡಳು. ಹಟ ಇಲ್ಲಿಗೆ ಸಾಕು, ನಿನ್ನ ಜೊತೆಗೇ ಬರುತ್ತೇನೆ, ಅವ್ವನ ಹತ್ತಿರ ನಾಲ್ಕು ದಿನ ಇದ್ದು ಬರುತ್ತೇನೆ ಎನ್ನುತ್ತ ಚೀಲಕ್ಕೆ ಸೀರೆ ತುಂಬಲು ಒಳಗೆ ಹೊರಟಳು.

"ಅಕ್ಕಾ, ಅವ್ವ ಹೋದ್ಲು," ಎಂದ. "ಹಲಬರ್ಗಾದಾಗ ಮಣ್ಣೂ ಆತು."

ಅವಳು ಬಾಗಿಲ ಚೌಕಟ್ಟು ಹಿಡಿದು ಹಾಗೇ ನಿಂತಳು.

"ನಾ ಹೇಳ್ದೆ ಅಕ್ಕಾ. ರೇಡಿಯೋದಾಗ ಹೇಳ್ದೆ."

"ಊರಿಗೆಲ್ಲ ಹೇಳ್ದಿ," ಎಂದಳು ಲಲಿತಾಬಾಯಿ. "ನನಗ ಹೇಳ್ಲಿಲ್ಲ."